ಗಾಜಿನಾಚೆಯ ಬೆಲ್ಲ-ನೀರು

ಮೂಡಣಬೀಡು, ಚಂದ್ರ
ಬೀಡು ನೆಲೆಗೊಂಡ ನೂರ ಹದಿನೇಳನೆಯ ವರ್ಷ, ಎಂಟನೆಯ ಬೆಳಗಿನ ಮೊದಲ ಪಾಳಿ

ಭೂಮಿಯ ಮೇಲೆ, ಬಯಲಿನಲ್ಲಿ ನಿಂತು ಎದೆ ತುಂಬ ಉಸಿರೆಳೆಯಬಲ್ಲ ತರುಣ ತರುಣಿಯರ ಸಭೆಗೆ ಶಾಂಭವಿ ಕೆರೂರಳ ನಮಸ್ಕಾರಗಳು. ನಿಮ್ಮ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರಬಹುದಾದ ಹಿರಿಯರಿಗೂ ನನ್ನ ವಂದನೆ. ಅವರ ಹಿರಿಯರು ಆಕಾಶಕ್ಕೆ ಏರುವ ಧೈರ್ಯ ಮಾಡದಿದ್ದರೆ ನಾವು ಇಲ್ಲಿ ಇರುತ್ತಿರಲಿಲ್ಲ. ಆ ಋಣವನ್ನು ಮೊದಲೇ ಒಪ್ಪಿಕೊಂಡು, ಆಮೇಲೆ ಅವರ ಮೇಲಿನ ನನ್ನ ಸಿಟ್ಟನ್ನು ಹೇಳಿಕೊಳ್ಳುತ್ತೇನೆ. ಎರಡೂ ನಿಜ.

ನಾನು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವಳು. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಕ್ಷಮಿಸಿ. ನಾವು ಬೆಳಗು ಎನ್ನುವುದು ನಿಮ್ಮ ಎರಡು ವಾರಗಳಷ್ಟು ಉದ್ದದ ಹಗಲನ್ನು. ಅಷ್ಟೇ ಉದ್ದದ ರಾತ್ರಿಗೆ ಕತ್ತಲು ಎಂದು ಹೆಸರು. ಈ ಬರಹಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ವರ್ಷದ ಪಾಠ ಮುಗಿದಾಗ ಗುರುವಾದವರು ಹಿಂದಿನವರಿಗೆ ಒಂದು ಓಲೆ ಬರೆದು, ಅದನ್ನು ತಮ್ಮ ವಿದ್ಯಾರ್ಥಿಗಳೆದುರು ಗಟ್ಟಿಯಾಗಿ ಓದುವುದು ರೂಢಿ. ಅದು ನಿಮಗೆ ತಲುಪುತ್ತದೆಯೋ ಇಲ್ಲವೋ ಯಾರೂ ಬಲ್ಲವರಿಲ್ಲ. ಬಹುಮಂದಿ ಧನ್ಯವಾದ ಬರೆಯುತ್ತಾರೆ. ಈ ಸಲ ನನ್ನಿಂದ ಅದಷ್ಟೇ ಆಗದು.

ನಾನು ಹೊಸ್ತಿಲು ಶಾಲೆಯ ಅಧ್ಯಾಪಕಿ. ಗಾಳಿಯಿಲ್ಲದ ನೆಲದಲ್ಲಿ ಬಾಗಿಲನ್ನು ಹೇಗೆ ಮಾಡಬೇಕು, ಹೇಗೆ ಕಾಯಬೇಕು ಎಂಬುದನ್ನು ಎಳೆಯರಿಗೆ ಕಲಿಸುವುದು ನನ್ನ ಕೆಲಸ. ನಿಮ್ಮ ಮನೆಯ ಬಾಗಿಲು ಕೆಟ್ಟರೆ ಬಡಗಿ ಬರುವ ತನಕ ಕಾಯುತ್ತೀರಿ; ನಮ್ಮದು ಕೆಟ್ಟರೆ ಕಾಯಲು ನಾವೇ ಉಳಿದಿರುವುದಿಲ್ಲ. ಆದ್ದರಿಂದ ನಮ್ಮ ಬದುಕೆಲ್ಲ ಹೊಸ್ತಿಲಿನ ಸುತ್ತಲೇ ಇದೆ. ಹೊರಗಿನಿಂದ ಬಂದ ಬಂಡಿ ತನ್ನ ಮೂತಿಯನ್ನು ಬೀಡಿನ ಬಾಗಿಲಿಗೆ ಕೂಡಿಸಬೇಕು. ಹಾಗೆ ಕೂಡುವ ಉಕ್ಕಿನ ವರ್ತುಲಕ್ಕೆ ಬಳೆ ಎನ್ನುತ್ತೇವೆ. ಬಂಡಿಯ ಬಳೆ, ಬಾಗಿಲ ಬಳೆ ಎರಡೂ ಕಚ್ಚಿಕೊಂಡ ಮೇಲೆ ನಡುವೆ ಗಾಳಿ ತುಂಬಿ, ಬಾಗಿಲು ತೆಗೆದು, ಒಳಬಂದವರ ಬಟ್ಟೆಯಿಂದ ಬೂದುದೂಳನ್ನು ಕುಂಚದಲ್ಲಿ ಉಜ್ಜಿ ತೆಗೆಯುತ್ತಾರೆ. ಆ ದೂಳು ಗಾಜಿನಂತೆ ಕೊಯ್ಯುತ್ತದೆ; ಯಾವ ಪುಡಿಯಾದರೂ ಬಳೆಯ ಸಂದಿಗೆ ಸೇರಿದರೆ ಗಾಳಿ ಸೋರುತ್ತದೆ. ಆದ್ದರಿಂದ ನಮ್ಮ ಹೊಸ್ತಿಲಿನ ಮೇಲೆ ರಂಗೋಲಿ ಪುಡಿ ಬೀಳುವಂತಿಲ್ಲ; ಹುಡುಗಿಯರು ಬಣ್ಣದ ದಾರವನ್ನು ಅಂಟಿಸಿ ಎಳೆ ಎಳೆಯುತ್ತಾರೆ. ಕೊನೆಗೆ ಬಾಗಿಲು ಕಾಯುವವರು ಬಂದವರ ಕೈಗೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಾರೆ. ಬೆಳಕಿನ ಕೊಳವೆಗಳಲ್ಲಿ ಜೋಳದ ಜೊತೆ ನಾಲ್ಕು ಸಾಲು ಕಬ್ಬನ್ನು ಬೆಳೆಯುವುದೇ ಈ ಬೆಲ್ಲಕ್ಕಾಗಿ. ಬಂದವರು ಕುಡಿಯುವ ತನಕ ತಂಬಿಗೆಯನ್ನು ಕೆಳಗಿಡಬಾರದು. ನಿಮ್ಮ ಸೀಮೆಯಿಂದ ನಮ್ಮ ಮುತ್ತಜ್ಜಿಯರು ತಂದ ಪದ್ಧತಿಗಳಲ್ಲಿ ಇಲ್ಲಿ ಬದಲಾಗದೆ ಬದುಕಿ ಉಳಿದದ್ದು ಇದೊಂದೇ.

ನಮ್ಮ ಕಣಿವೆಯಲ್ಲಿ ಎರಡು ಬೀಡುಗಳಿವೆ. ನಮ್ಮದು ಮೂಡಣಬೀಡು, ಗುಡ್ಡದಾಚೆಗಿನದು ಪಡುವಣಬೀಡು. ಒಂದೊಂದನ್ನು ಒಬ್ಬೊಬ್ಬ ದೊಡ್ಡಣ್ಣ, ಅಂದರೆ ಭೂಮಿಯ ಒಂದೊಂದು ಬಲಾಢ್ಯ ರಾಜ್ಯ, ಕಟ್ಟಿದ. ಅವರು ನಿಮಗಿಂತ ಮುಂದಿನವರು, ನನಗಿಂತ ಬಹಳ ಹಿಂದಿನವರು. ಆ ರಾಜ್ಯಗಳು ಈಗ ಹೆಸರಿಗೂ ಉಳಿದಿಲ್ಲ. ಅವರಿಬ್ಬರಿಗೂ ಕೆಲಸಗಾರರು ಬೇಕಾಗಿತ್ತು, ನಮ್ಮವರು ಎರಡೂ ಕಡೆಗೆ ಹೋದರು. ಅಣ್ಣ ಇಲ್ಲಿ, ತಂಗಿ ಅಲ್ಲಿ. ಹೀಗಾಗಿ ಎರಡೂ ಬೀಡುಗಳಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೇ, ಬೈಗುಳ ಒಂದೇ. ಆದರೆ ಪ್ರತಿ ಗುಡ್ಡಕ್ಕೂ ಎರಡೆರಡು ಹೆಸರು, ಗೋಡೆಯ ಮೇಲೆ ಒಂದಕ್ಕೊಂದು ಹೊಂದದ ಎರಡು ಗಡಿಯಾರ, ಮತ್ತು ಒಂದಕ್ಕೊಂದು ಕೂಡದ ಎರಡು ಬಗೆಯ ಬಳೆ. ಮೂಡಣದ ಕೊಕ್ಕೆಗಳು ಬಲಕ್ಕೆ ತಿರುಗಿ ಕಚ್ಚುತ್ತವೆ, ಪಡುವಣದವು ಎಡಕ್ಕೆ. ಇದಕ್ಕೆ ತಾಂತ್ರಿಕ ಕಾರಣ ಏನಿರಬಹುದೆಂದು ನಾನು ವರ್ಷಗಟ್ಟಲೆ ಹುಡುಕಿದ್ದೇನೆ. ಕಾರಣವೇ ಇಲ್ಲ. ಇವರು ಬಲಕ್ಕೆ ತಿರುಗಿಸಿದರೆಂದೇ ಅವರು ಎಡಕ್ಕೆ ತಿರುಗಿಸಿದರು. ಎದುರಾಳಿಯ ಅಳತೆಯನ್ನು ಬಳಸಿದರೆ ಸೋಲು ಒಪ್ಪಿಕೊಂಡಂತೆ ಎಂದು, ಓದು ಬರಹ ಬಲ್ಲ, ಮಕ್ಕಳು ಮರಿಗಳಿದ್ದ ದೊಡ್ಡ ಮನುಷ್ಯರು ಕೂತು ತೀರ್ಮಾನಿಸಿದರು!

ಆ ದೊಡ್ಡಣ್ಣಂದಿರಿಗೆ ಈ ಬುದ್ಧಿಯನ್ನು ಕಲಿಸಿದವರು ಯಾರು? ನಿಮ್ಮ ಅಜ್ಜಂದಿರ ಕಾಲದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. ಆಕಾಶಕ್ಕೆ ಯಾರು ಮೊದಲು ಎಂದು ಅವರಿಬ್ಬರು ಓಡಿದ ಓಟವನ್ನು ನಮ್ಮ ಮಕ್ಕಳು ಕುಂಟಾಬಿಲ್ಲೆ ಮಾಡಿಕೊಂಡು ಆಡುತ್ತಾರೆ. ಮೊದಲ ಮನೆ ಗೋಲ, ಅಂದರೆ ಅವರು ಹಾರಿಸಿದ ಮೊದಲ ಉಪಗ್ರಹ, ಎರಡನೆಯದು ನಾಯಿ, ಮೂರನೆಯದು ಗಂಡಸು, ನಾಲ್ಕನೆಯದು ಹೆಂಗಸು, ಕೊನೆಯ ಮನೆಯೇ ಚಂದ್ರ. ನಾಯಿಯ ಮನೆಯಲ್ಲಿ ಬಿಲ್ಲೆ ಬಿದ್ದರೆ ಆಟದಿಂದ ಔಟು, ಏಕೆಂದರೆ ಆ ನಾಯಿ ಮರಳಲಿಲ್ಲ. ಮರಳಿ ತರುವ ದಾರಿಯನ್ನು ಕಂಡುಕೊಳ್ಳುವ ಮೊದಲೇ ಅದನ್ನು ಮೇಲಕ್ಕೆ ಕಳಿಸಿದ್ದರು. ಮುಂದೆ ಅವಸರ ಹೆಚ್ಚಿದ ಒಂದೇ ವರ್ಷದಲ್ಲಿ, ಒಬ್ಬರ ಕಡೆಯ ಮೂವರು ನೆಲ ಬಿಟ್ಟೇಳುವ ಮೊದಲೇ ಬೆಂಕಿಗೆ ಸಿಕ್ಕರು, ಅವರ ಬಾಗಿಲು ಒಳಕ್ಕೆ ತೆರೆಯುವಂಥದು, ಅದು ತೆರೆಯಲಿಲ್ಲ. ಇನ್ನೊಬ್ಬರ ಕಡೆಯ ಒಬ್ಬ, ಸರಿಯಾಗಿ ಬಿಚ್ಚದ ಪ್ಯಾರಾಚೂಟಿನೊಂದಿಗೆ ನೆಲಕ್ಕೆ ಅಪ್ಪಳಿಸಿದ. ಏರಿದವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅವರನ್ನು ಅವಸರಿಸಿದವರಿಗೆ ಬಾಗಲಾರೆ.

ಇಷ್ಟೂ ಹಳೆಯ ಕತೆಯಾಗಿಯೇ ಉಳಿಯಬಹುದಿತ್ತು. ಹೋದ ವರ್ಷ ಅದು ನನ್ನ ತರಗತಿಯೊಳಕ್ಕೆ ಬಂತು.

ನನ್ನ ವಿದ್ಯಾರ್ಥಿನಿ ಚೆನ್ನಾಂಬಿಕೆ, ನಮಗೆಲ್ಲ ಚೆನ್ನಿ, ತನ್ನ ಸಹಪಾಠಿ ಮಾಲತೇಶನೊಂದಿಗೆ, ಬೆಳಕಿನ ಕೊಳವೆಗಳಿಗೆ ಬಿಸಿಲು ಹಾಯಿಸುವ ಹೊರಗಿನ ಕನ್ನಡಿಗಳ ದುರಸ್ತಿಗೆ ಹೋಗಿದ್ದಳು. ಅವರದು ಒಳಗೇ ಕುಳಿತು ಯಂತ್ರದ ತೋಳುಗಳಿಂದ ಕೆಲಸ ಮಾಡುವ ಪುಟ್ಟ ಬಂಡಿ. ಹೊರಗಿಳಿಯುವ ಉಡುಪು ಅದರಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಸೂರ್ಯನ ಬಿರುಗಾಳಿಯ ಎಚ್ಚರಿಕೆ ಬಂತು. ಅದು ಕಣ್ಣಿಗೆ ಕಾಣದ ಬಿರುಗಾಳಿ, ಮೈಯೊಳಗಿನಿಂದ ಸುಡುತ್ತದೆ. ನಮ್ಮ ಬಾಗಿಲು ದೂರವಿತ್ತು, ಪಡುವಣದ್ದು ಅಲ್ಲೇ ಎದುರಿಗಿತ್ತು. ಬಳೆ ಕೂಡುವುದಿಲ್ಲವೆಂದು ಗೊತ್ತಿದ್ದೂ ಅವರು ಅಲ್ಲಿಗೇ ಓಡಿದರು. ಯಾರಾದರೂ ಓಡುತ್ತಾರೆ. ಆ ಬಾಗಿಲು ಕಾಯುವವರು ಇಮಾಮಸಾಬರು, ನಮ್ಮ ಸೀಮೆಯ ಮಾತಿನವರು. ಬಂಡಿಯ ಗಾಜಿಗೂ ಬಾಗಿಲ ಗಾಜಿಗೂ ಒಂದು ಮೊಳ ಅಂತರ. ಅಲ್ಲಿ ನಡೆದ ಮಾತು ನಮ್ಮ ರೇಡಿಯೋದಲ್ಲಿ ನಮಗೆಲ್ಲ ಕೇಳುತ್ತಿತ್ತು.

“ಇಮಾಮಸಾಬಣ್ಣಾ, ಬಾಗ್ಲಾ ತಗೀರಿ. ಬಿಸಲು ಬೆನ್ನ ಹತ್ತೇತಿ.”

“ನಾ ತಗ್ಯಾಕ ನಿಂತೇನವ್ವಾ. ನಿನ್ನ ಬಂಡಿ ಮೂತಿ ಇದಕ್ಕ ಕೂಡವಲ್ದು.”

“ನಿಮ್ಮ ಬಾಗ್ಲದ ಮೂತಿನ ಸೊಟ್ಟ ಐತಿ.”

“ಎರಡೂ ಸೊಟ್ಟನ ಅದಾವು. ಮಾಡಿದವ್ರನ್ನ ಆಮ್ಯಾಲೆ ಇಬ್ರೂ ಕೂಡಿ ಬೈಯೂಣಂತ. ಇನ್ನೊಮ್ಮಿ ಒತ್ತು, ಮಗಳ, ಇನ್ನೊಮ್ಮಿ.”

ಅವಳು ಬಳೆಯ ಹಿಡಿಯನ್ನು ಮತ್ತೆ ಒತ್ತಿದಳು. ಬಲಕ್ಕೆ ತಿರುಗುವ ಕೊಕ್ಕೆ, ಎಡಕ್ಕೆ ತಿರುಗುವ ಕೊಕ್ಕೆ ಎರಡೂ ಒಂದನ್ನೊಂದು ಉಜ್ಜಿ ಜಾರಿದವು. ಇಮಾಮಸಾಬರ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತುಂಡು. ಮಾಲತೇಶ ಅದನ್ನು ನೋಡಿ ನಕ್ಕನಂತೆ.

“ಆ ಬೆಲ್ಲ ಹಂಗ ಇಟ್ಟಿರ್ರಿ, ಕಾಕಾ. ಮುಂದಿನ ಸರ್ತಿ ಬಂದಾಗ ತಿಂತೇನಿ.”

ಅವನು ಬಂಡಿಯನ್ನು ಗುಡ್ಡದ ನೆರಳಿನ ಕಡೆಗೆ ಓಡಿಸಿದ. ನೆರಳು ಮುಟ್ಟುವ ಮೊದಲೇ ಬಿರುಗಾಳಿ ಮುಟ್ಟಿತು. ಬಂಡಿಯ ಹಿಂಭಾಗದಲ್ಲಿ ನೀರಿನ ತೊಟ್ಟಿ ಇರುತ್ತದೆ. ನೀರು ಆ ಸುಡುವಿಕೆಯನ್ನು ತಡೆಯುತ್ತದೆ, ಆದರೆ ಅದರ ಮರೆಯಲ್ಲಿ ಒಬ್ಬರಿಗಷ್ಟೇ ಜಾಗ. ಚೆನ್ನಿಯನ್ನು ಅಲ್ಲಿ ಕೂರಿಸಿ ತಾನು ಚಾಲಕನ ಪೀಠದಲ್ಲೇ ಉಳಿದ. ಬಂಡಿಯನ್ನು ನಮ್ಮ ಬಾಗಿಲಿಗೆ ತಂದು, ಬಳೆಯನ್ನು ಒಂದೇ ಸಲಕ್ಕೆ, ನಾನು ಕಲಿಸಿದ ಹಾಗೆಯೇ ಕೂಡಿಸಿದ. ಮುಂದಿನ ಕತ್ತಲು ಮುಗಿಯುವುದರೊಳಗೆ ತೀರಿಕೊಂಡ. ಇಮಾಮಸಾಬರು ಆ ಪಾಳಿ ಮುಗಿದರೂ ತಂಬಿಗೆ ಕೆಳಗಿಡಲಿಲ್ಲವೆಂದು ಅವರ ಮಗಳು ನನಗೆ ಹೇಳಿದಳು.

ಚೆನ್ನಿ ಬಹಳ ಕಾಲ ಮಾತಾಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ತರಗತಿಗೆ ಬಂದು ಕೂರುತ್ತಿದ್ದಳು, ಅಷ್ಟೇ. ಒಂದು ದಿನ ಓಟದ ಕಾಲದ ಪಾಠದಲ್ಲಿ ನಾನು ಹಳೆಯ ಚಲನಚಿತ್ರದ ತುಣುಕೊಂದನ್ನು ತೋರಿಸುತ್ತಿದ್ದೆ. ಅದೇ ಅಮೆರಿಕ, ಅದೇ ಸೋವಿಯತ್ ಒಕ್ಕೂಟ, ನಿಮ್ಮ ಸಾವಿರದ ಒಂಬೈನೂರ ಎಪ್ಪತ್ತೈದನೆಯ ಇಸವಿಯಲ್ಲಿ ತಮ್ಮ ಎರಡು ನೌಕೆಗಳನ್ನು ಆಕಾಶದಲ್ಲಿ ಕೂಡಿಸಿ ಕೈ ಕುಲುಕಿದ ದೃಶ್ಯ. ಎಲ್ಲರೂ ಆ ಕೈಗಳನ್ನು ನೋಡಿದರು. ಚೆನ್ನಿ ಮಾತ್ರ ಅದಕ್ಕೂ ಹಿಂದಿನ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿ ನೌಕೆಗಳ ಮೂತಿಗಳನ್ನು ನೋಡಿದಳು. ಎರಡರ ಬಳೆಯೂ ಒಂದೇ ಬಗೆಯದು. ಎರಡಕ್ಕೂ ಹೂವಿನಂತೆ ಹೊರಬಾಗಿದ ಮೂರು ಎಸಳು. ಒಂದರ ಎಸಳುಗಳ ನಡುವಿನ ಜಾಗದಲ್ಲಿ ಇನ್ನೊಂದರ ಎಸಳು ಬಂದು ಕೂರುತ್ತಿತ್ತು. ಅದರಲ್ಲಿ ಕಚ್ಚುವುದು ಯಾವುದು, ಕಚ್ಚಿಸಿಕೊಳ್ಳುವುದು ಯಾವುದು ಎಂಬ ಭೇದವಿರಲಿಲ್ಲ. ಯಾವುದು ಯಾವ ಪಾತ್ರವನ್ನಾದರೂ ವಹಿಸಬಹುದಿತ್ತು.

ಅವಳು ಎದ್ದು ನಿಂತಳು. ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಇದು:

“ಅಕ್ಕೋರೆ, ಇವ್ರಿಗೆ ಗೊತ್ತಿತ್ತರೀ!”

ನನ್ನ ಸಿಟ್ಟಿನ ಬೇರು ಇಲ್ಲಿದೆ, ಮಕ್ಕಳೇ. ಅರಿಯದೆ ಮಾಡಿದ ತಪ್ಪನ್ನು ನಾನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ನಿಮ್ಮ ಹಿರಿಯರಿಗೆ ಗೊತ್ತಿತ್ತು. ಬದ್ಧ ವೈರಿಗಳಾಗಿದ್ದಾಗಲೇ ಅವರ ಕುಶಲಕರ್ಮಿಗಳು ಒಟ್ಟಿಗೆ ಕುಳಿತು, ಒಬ್ಬರ ಭಾಷೆಯನ್ನು ಒಬ್ಬರು ಕಲಿತು, ಎರಡೂ ಕಡೆಗೆ ಒಗ್ಗುವ ಬಳೆಯೊಂದನ್ನು ಮಾಡಿ ತೋರಿಸಿದ್ದರು. ಕೈ ಕುಲುಕಿದರು, ಫೋಟೋ ತೆಗೆಸಿಕೊಂಡರು, ಮನೆಗೆ ಹೋದರು. ಆ ಬಳೆಯ ಸಂತತಿ ಆಮೇಲೂ ಕೆಲಕಾಲ ಅಲ್ಲಲ್ಲಿ ಬಾಳಿತೆಂದು ಬಲ್ಲೆ. ಆದರೂ ಚಂದ್ರನ ಮೇಲೆ ಮನೆ ಕಟ್ಟುವ ಹೊತ್ತು ಬಂದಾಗ ಮುಂದಿನವರು ಕುಲುಕಿದ ಕೈಗಳ ಚಿತ್ರವನ್ನು ಗೋಡೆಗೆ ತೂಗುಹಾಕಿ, ಬಳೆಯನ್ನು ಮರೆತರು. ಅವರಿಗೆ ಯಾರು ಮೊದಲು ಎಂಬುದಷ್ಟೇ ನೆನಪಿತ್ತು. ಮೊದಲು ಬಂದವರ ಬಾವುಟದ ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಎಷ್ಟೋ ಕಾಲವಾಯಿತು. ಅವರ ಕೊಕ್ಕೆಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ನನ್ನ ಹುಡುಗನೊಬ್ಬನನ್ನು ಹೊರಗೇ ನಿಲ್ಲಿಸುವಷ್ಟು ಗಟ್ಟಿಯಾಗಿ.

ಚೆನ್ನಿ ಆ ಎಸಳುಗಳನ್ನು ನೆಚ್ಚಿ, ಇಲ್ಲಿನ ದೂಳಿಗೂ ಬಿಸಿಗೂ ತಾಳುವಂತೆ ಹೊಸ ಬಳೆಯೊಂದನ್ನು ಮಾಡಿದ್ದಾಳೆ. ಅದಕ್ಕೆ ಜೋಡುಬಳೆ ಎಂದು ಹೆಸರಿಟ್ಟಿದ್ದಾಳೆ. ಎರಡೂ ಬೀಡುಗಳ ಸಭೆಗಳ ಮುಂದೆ ಅದನ್ನು ಇಟ್ಟೆವು. ಪಡುವಣ ಮೊದಲು ಬದಲಿಸಲಿ ಎಂದಿತು ನಮ್ಮ ಸಭೆ. ಮೂಡಣ ಮೊದಲು ಬದಲಿಸಲಿ ಎಂದಿತು ಅವರದು. ಹಿರಿಯರ ಮುಂದೆ ದನಿಯೇರಿಸದ ಹುಡುಗಿ ಅಂದು ತಡೆದುಕೊಳ್ಳಲಿಲ್ಲ:

“ಮೊದಲು ಅನ್ನೋ ಶಬ್ದಕ್ಕ ಒಂದು ಗುಡಿ ಕಟ್ಟಸ್ರಿ. ಅಲ್ಲೇ ಕುಂತು ಪೂಜಿ ಮಾಡ್ರಿ. ನಾವು ಬಾಗ್ಲಾ ಮಾಡ್ಕೋತೇವಿ.”

ಗದರಿಸಬೇಕಾದವಳು ನಾನು. ಗದರಿಸಲಿಲ್ಲ. ಸೂರ್ಯ ಮತ್ತೆ ಕೆರಳುವ ಕಾಲ ಹತ್ತಿರವಾಗುತ್ತಿದೆ. ಸಭೆಗಳು ಒಪ್ಪುವ ತನಕ ಇನ್ನೊಂದು ಬಂಡಿ ಆ ಗಾಜಿನೆದುರು ನಿಲ್ಲುವುದು ನನಗೆ ಬೇಡ.

ನಿಮ್ಮ ಕಾಲದಲ್ಲಿ ಮತ್ತೆ ಇಬ್ಬರು ಚಂದ್ರನ ಕಡೆಗೆ ಮುಖ ಮಾಡಿ ನಿಂತಿರುವುದನ್ನು ಓದಿ ಬಲ್ಲೆ. ನಿಮ್ಮಲ್ಲಿ ಕೆಲವರು ಅವರಿಗಾಗಿ ರೇಖೆ ಎಳೆಯುವಿರಿ, ಉಕ್ಕು ಕೊರೆಯುವಿರಿ, ಲೆಕ್ಕ ಹಾಕುವಿರಿ. ಓಡಬೇಡಿ ಎಂದು ನಾನು ಹೇಳಲಾರೆ; ಓಟದಲ್ಲಿ ಹುರುಪಿದೆ, ನಿಮ್ಮ ವಯಸ್ಸಿಗೆ ಅದು ಒಪ್ಪುತ್ತದೆ. ಆದರೆ ಮೇಲಿನವರು ಎದುರಾಳಿಯದಕ್ಕೆ ಕೂಡದಂತೆ ಬಾಗಿಲು ಮಾಡಿ ಎಂದು ಹೇಳಿದ ದಿನ, ದಯವಿಟ್ಟು ನಿಮ್ಮ ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದು ನಿಲ್ಲಿ. ಆ ಬಾಗಿಲಿಗೆ ಮುಂದೆ ಯಾರು ಬಂದು ನಿಲ್ಲುತ್ತಾರೋ ಅವರಿಗೆ ನಿಮ್ಮ ಜಗಳದ ನೆನಪೂ ಇರುವುದಿಲ್ಲ. ಅವರಿಗೆ ಹೆಸರು ಬೇಕೆಂದರೆ ಮಾಲತೇಶ ಎಂದು ಬರೆದುಕೊಳ್ಳಿ.

ಶಾಲೆಯ ಕಲಿಕೆಬಂಡಿ ನನ್ನ ಸುಪರ್ದಿನಲ್ಲಿದೆ. ಪಡುವಣದಲ್ಲಿ ಬಳಕೆ ತಪ್ಪಿದ ಹಳೆಯ ಸರಕುಬಾಗಿಲೊಂದು ಇಮಾಮಸಾಬರ ಸುಪರ್ದಿನಲ್ಲಿದೆ. ಇವೆರಡಕ್ಕೆ ಯಾವ ಸಭೆಯ ಅಪ್ಪಣೆಯೂ ಬೇಕಿಲ್ಲ. ಈ ಓಲೆಯನ್ನು ಓದಿ ಮುಗಿಸಿದೊಡನೆ ನನ್ನ ಮಕ್ಕಳು ಬಂಡಿಯ ಹಳೆಯ ಕೊಕ್ಕೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಆಚೆ ಕಡೆಯಲ್ಲಿ ಅವರ ಮಕ್ಕಳು ಬಾಗಿಲಿನವನ್ನು ತೆಗೆಯುತ್ತಾರೆ. ಜೋಡುಬಳೆ ಗಾಳಿ ಸೋರದಂತೆ ಕಚ್ಚಿಕೊಂಡರೆ, ಚೆನ್ನಿ ಆ ಹೊಸ್ತಿಲನ್ನು ಮೊದಲು ದಾಟುತ್ತಾಳೆ. ಮೊದಲು ಎಂಬ ಪದವನ್ನು ನಾನು ಸಂತೋಷದಿಂದ ಬರೆಯುತ್ತಿರುವುದು ಇದೊಂದೇ ಸಲ.

ಇಮಾಮಸಾಬರು ತಂಬಿಗೆ ತುಂಬಿಕೊಂಡು ಬಾಗಿಲ ಬಳಿ ಬಂದಿದ್ದಾರೆಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಬೆಲ್ಲ ಎರಡು ತುಂಡು ತಂದಿದ್ದಾರಂತೆ. ಅವರ ಕೈ ಸೋಲುವ ಮೊದಲು ನಾವು ಅಲ್ಲಿರಬೇಕು. ನೀವೂ ಏಳಿ, ಮಕ್ಕಳೇ. ಅಳತೆಪಟ್ಟಿ ತೆಗೆದುಕೊಳ್ಳಿ, ಎದುರಿನವರ ಬಾಗಿಲಿಗೆ ಹೋಗಿ, ಅದರ ಬಳೆಯ ಅಳತೆಯನ್ನು ಅವರನ್ನೇ ಕೇಳಿ ಬರೆದುಕೊಳ್ಳಿ. ಕೆಲಸ ಅಲ್ಲಿಂದ ಶುರುವಾಗಲಿ.