ಸುಣ್ಣ ಹಚ್ಚಿದ ಬೆರಳು

ಗರುಡಾಚಾರ್‌ಪಾಳ್ಯ
ಆಗಸ್ಟ್ ೨೦೦೩

ರೇವತಿಗೆ, ನಿನ್ನ ದೊಡ್ಡವ್ವ ಬರೆಯುವುದು.

ನೀನು ಸಿಟ್ಟಾಗಿ ಮರ್ಫಿ ಟೌನಿನ ಅಣ್ಣನ ಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ನಿನ್ನ ಬೆರಳಿನ ನರಹುಲಿ ನೋಡಿ ನನಗೆ ಹೇಸಿಗೆ ಆಗಿದ್ದು ನಿಜ. ಹೂಕೋಸಿನ ಚೂರು ಅಂಟಿಕೊಂಡ ಹಾಗಿತ್ತು. ಅದೇ ಕೈಯಲ್ಲಿ ನೀನು ನಮ್ಮ ಖಾನಾವಳಿಯ ರೊಟ್ಟಿ ಬಡಿಯುತ್ತಿದ್ದೆ. "ಎವ್ವಾ, ಆ ಕೈ ರೊಟ್ಟಿ ನಮಗ ಬ್ಯಾಡ" ಎಂದು ಗಿರಾಕಿ ತಟ್ಟೆ ಸರಿಸಿದ. ಅದಕ್ಕೇ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಹಚ್ಚಿದೆ. ಚರ್ಮ ಸುಟ್ಟು ಕೀವಾಯಿತು.

ಈಗ ನನ್ನ ಬಲಗೈ ಹೆಬ್ಬೆರಳಿಗೂ ಒಂದು ಎದ್ದಿದೆ. ಥೂ! ಬಚ್ಚಲಲ್ಲಿ ಇಬ್ಬರೂ ಒಂದೇ ಕಲ್ಲಿನಿಂದ ಕೈಕಾಲು ಉಜ್ಜಿದ್ದಕ್ಕೆ ಅಂಟಿರಬೇಕು ಎಂದಳು ಡಾಕ್ಟರಮ್ಮ.

"ಸುಣ್ಣ ಹಚ್ಚಬಹುದೇನ್ರಿ?" ಎಂದು ಕೇಳಿದೆ.

"ಅದ್ಯಾರ್ರೀ ನಿಮ್ಗೆ ಹೇಳಿದ್ದು?" ಎಂದು ರೇಗಿದಳು.

"ಯಾರೋ ತಲಿ ಇಲ್ಲದ ಮುದುಕಿ ರೀ" ಎಂದೆ.

ಸಣ್ಣ ಸೀಸೆಯಲ್ಲಿ ಔಷಧ ಕೊಟ್ಟಿದ್ದಾಳೆ. ದಿನಾ ಬೆರಳನ್ನು ಬಿಸಿನೀರಲ್ಲಿ ನೆನೆಸಿ, ಸುತ್ತ ವ್ಯಾಸಲೀನ್ ಸವರಿ, ಗಂಟಿನ ಮೇಲೆ ಮಾತ್ರ ಒಂದು ಹನಿ ಬಿಡಬೇಕು. ಮೂರು ತಿಂಗಳು ಬೇಕಂತೆ. ಪಕ್ಕಕ್ಕೆ ಹರಿದರೆ ಒಳ್ಳೆಯ ಚರ್ಮವೂ ಸುಡುತ್ತದಂತೆ. ನಿನ್ನ ಬೆರಳು ಸುಟ್ಟದ್ದನ್ನು ಹೇಳಿ ನಿನಗೂ ಒಂದು ಸೀಸೆ ಕೇಳಿದೆ. ಗಾಯ ಮಾಯುವ ತನಕ ಹಚ್ಚಕೂಡದು, ಮೊದಲು ಹುಡುಗಿಯನ್ನು ಕರೆತನ್ನಿ ಎಂದಳು.

ನನ್ನ ಎಡಗೈ ನಡುಗುತ್ತದೆ, ಹನಿ ನಿಲ್ಲುವುದಿಲ್ಲ. ನೀನೇ ಬಂದು ಹಚ್ಚು. ಎಷ್ಟು ಉರಿದರೂ ಕೈ ಎಳೆದುಕೊಳ್ಳುವುದಿಲ್ಲ.

ಅಮೃತಮ್ಮ