ಯೋಬನ ಹೆಂಡತಿಯ ಮಕ್ಕಳು

ಅವ್ವಾ, ಕ್ಷೇಮಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ಕೇಳು.

ಅಪ್ಪ ಇಷ್ಟು ವರ್ಷ ಸಭಾಪಾಲಕರಾಗಿದ್ದ ಭೋಸರಿಯ ನಮ್ಮ ಕನ್ನಡ ಸಭೆಯಲ್ಲಿ ನಿನ್ನೆ ನೀನು ತೀರಿಕೊಂಡು ವರ್ಷವಾದದ್ದರ ಸ್ಮರಣೆ ಇತ್ತು. ಹೊಸ ಪಾಲಕರು ನಿನ್ನ ಬಗ್ಗೆ ಎರಡು ಮಾತಾಡಿ ಉಳಿದ ಹೊಗಳಿಕೆಯೆಲ್ಲ ಅಪ್ಪನಿಗೆ ಸುರಿದರು. ನಮ್ಮ ಹಿರಿಯ ಅಯ್ಯನವರು ಬೈಬಲಿನ ಯೋಬನಂಥವರು, ಮಗನನ್ನು ಕಳೆದುಕೊಂಡರು, ಈಗ ಹೆಂಡತಿಯನ್ನೂ, ಆದರೂ ದೇವರನ್ನು ದೂರಲಿಲ್ಲ ಎಂದರು. ಜನ ಆಮೆನ್ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯೋಬನಂತೆ, ಯೋಬ!

ತಮ್ಮ ಸ್ಯಾಮು ಜ್ವರದಿಂದ ತೀರಿಕೊಂಡಾಗ... ನಿನಗೆ ಹೇಗೆ ಮರೆತೀತು? ಆ ಕೂಸನ್ನು ಮಣ್ಣಿಗಿಟ್ಟು ಎಲ್ಲರೂ ಹಾಡುತ್ತಿದ್ದಾಗ ನೀನು, "ಇಂಥಾ ದೇವರು ನನಗ ಬ್ಯಾಡ್ರಿ" ಅಂದೆ. ಮೆಲ್ಲಗೇ ಅಂದೆ, ಆದರೂ ಎಲ್ಲರಿಗೂ ಕೇಳಿತು. ಮುಂದಿನ ಭಾನುವಾರವೇ ಅಪ್ಪ ಯೋಬನ ಹೆಂಡತಿಯ ಮೇಲೆ ಪ್ರಸಂಗ ಮಾಡಿದರು. ಕಷ್ಟ ಬಂದಾಗ ದೇವರನ್ನು ಬೈದು ಸಾಯಿ ಎಂದು ಗಂಡನಿಗೇ ಹೇಳಿದ ಮೂರ್ಖಳಂತೆ ಅವಳು. ನಿನ್ನ ಹೆಸರೆತ್ತಲಿಲ್ಲ. ಎತ್ತಬೇಕಿತ್ತೇನು? ಹೆಂಗಸರ ಜಮಖಾನದ ಮೇಲೆ ಎಲ್ಲರ ಮುಖವೂ ನಿನ್ನ ಕಡೆ ತಿರುಗಿತ್ತು. ಆರಾಧನೆ ಮುಗಿದ ಮೇಲೆ ನೀನು ಎಂದಿನಂತೆ ಚಹಾ ಕೊಟ್ಟೆ. ಆಮೇಲೆ ಸಾಯುವವರೆಗೂ ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಲೇ ಇಲ್ಲ.

ನಿನ್ನೆ ಓದುವ ಸರದಿ ನನ್ನದು. ಯೋಬನ ಕಥೆಯ ಕೊನೆಯನ್ನೇ ತೆಗೆದುಕೊಟ್ಟರು. ದೇವರು ಅವನ ಆಸ್ತಿಯನ್ನು ಎರಡರಷ್ಟು ಮಾಡಿದ, ಸತ್ತ ಹತ್ತು ಮಕ್ಕಳ ಬದಲು ಮತ್ತೆ ಹತ್ತು ಮಕ್ಕಳಾದವು. ಹೆಂಡತಿಯ ಸುದ್ದಿಯೇ ಇಲ್ಲ. ಓದಿ ಕೂರಬೇಕಿತ್ತು, ಕೂರಲಿಲ್ಲ.

"ಸತ್ತ ಮಕ್ಕಳು ಆಕೀವೂ ಅಲ್ಲೇನ್ರಿ? ಅವಗ ಸಮಾಧಾನ ಹೇಳಾಕ ಮೂರು ಮಂದಿ ಗೆಳೆಯರು ಬಂದ್ರು. ಆಕೀ ಹತ್ರ ಯಾರು ಬಂದ್ರು?"

ಪಾಲಕರು ಕೆಮ್ಮಿ, ಹಾಡಿನ ನಂಬರು ಹೇಳಿದರು.

ರಿಕ್ಷಾ ಇಳಿದ ಅಪ್ಪ ಮನೆಯ ಮೆಟ್ಟಿಲ ಹತ್ತಿರ ನಿಂತುಬಿಟ್ಟರು.

"ನಿಮ್ಮವ್ವ ಅವತ್ತ ಅಂದಿದ್ದು... ನನ್ನ ಬಾಯಾಗೂ ಅದ ಮಾತ ಬಂದಿತ್ತು. ಜನಾ ಏನಂದಾರು ಅಂತ ಅಂಜಿದೆ."

ಕೇಳಿದೆಯಾ ಅವ್ವಾ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನೀನು ಬಡಿಸಿದ್ದನ್ನೇ ಉಂಡು, ಇದನ್ನು ನಿನಗೆ ಹೇಳಲು ಏನು ಧಾಡಿಯಾಗಿತ್ತು? ಅಳುತ್ತ ನನ್ನ ಹತ್ತಿರ ಕ್ಷಮೆ ಕೇಳಿದರು. ನಾನು ಯಾರು ಕೊಡಲು? ಅವತ್ತು ಪ್ರಸಂಗ ಮಾಡಿದ ಅದೇ ಪೀಠದ ಮೇಲೆ ನಿಂತು ಎಲ್ಲರೆದುರು ಹೇಳಿ ಎಂದೆ. ಅವರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಬರುವ ಭಾನುವಾರ ಅವರು ಎದ್ದು ಹೇಳದಿದ್ದರೆ, ಅವ್ವಾ, ನಾನು ಎದ್ದು ಹೇಳುತ್ತೇನೆ.