ಹದವಾಗಿ ಬೆಚ್ಚಗಿದೆ

ಕ್ಲಿನಿಕ್ಕಿನ ಒಳಕೋಣೆಯಿಂದ,
೧೪ನೇ ತಾರೀಕು, ಗುರುವಾರ

ಮುದ್ದು ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಇನ್ನೊಬ್ಬರ ಬಾಯಿಗೆ ಬಗ್ಗಿ ನಿಲ್ಲುವ ಕೆಲಸ ಬೇಡವೆಂದು ನೀನು ಹಲ್ಲಿನ ಡಾಕ್ಟರಾಗುವ ಮೊದಲೇ ಬಡಿದುಕೊಂಡೆ; ಅಪ್ಪನ ಮಗಳು, ಕೇಳಲಿಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೊರಟೆ, ಮನಸ್ಸು ಒಪ್ಪಲಿಲ್ಲ.

ಇಂಜೆಕ್ಷನ್ ಕೊಡುವಾಗಿನ ಅವರ ಶಾಸ್ತ್ರ ನಿನಗೆ ಗೊತ್ತಲ್ಲ. ತಣ್ಣಗಿದ್ದರೆ ವಸಡು ಉರಿಯುತ್ತದೆಂದು ಮರಗಟ್ಟಿಸುವ ಮದ್ದಿನ ಗಾಜಿನ ಕೊಳವೆಯನ್ನು ನಾನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಬೇಕು, ಅವರು ಹೆಬ್ಬೆರಳಿನಿಂದ ತೀಡಿ 'ಹದವಾಗಿ ಬೆಚ್ಚಗಿದೆ' ಎನ್ನಬೇಕು, ಆಮೇಲೆ ರೋಗಿಯ ಕೆನ್ನೆ ಅಲುಗಿಸುತ್ತಾ 'ಇರುವೆ ಕಚ್ಚಿದ ಹಾಗೆ, ಅಷ್ಟೇ ಕಣಪ್ಪ' ಎನ್ನಬೇಕು. ಮದುವೆಯಾದ ಮೇಲೆ ಅವರ ಕೈ ಹಿಡಿದದ್ದಕ್ಕಿಂತ ಆ ಕೊಳವೆಗಳನ್ನು ಹಿಡಿದದ್ದೇ ಹೆಚ್ಚು.

ಸೋಮವಾರ ಮೂಲೆಯಂಗಡಿಯ ದರ್ಜಿ ಹಲ್ಲು ಕೀಳಿಸಲು ಬಂದಿದ್ದ. ಇಂಜೆಕ್ಷನ್ ಕೊಟ್ಟು, ಸ್ವಲ್ಪ ಕಾದು, 'ತುಟಿ ದಪ್ಪ ಆಯ್ತಾ?' ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದ. ನಿಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. 'ಹೆದರಿಕೆಗೆ ಹಾಗನ್ಸುತ್ತೆ' ಎಂದು ಇಕ್ಕಳ ಎತ್ತಿಕೊಂಡರು. ಆಗ ನೋಡಿದೆ, ಅವರ ಎಡಗೈ ಗವಸಿನೊಳಗೆ ಹೆಬ್ಬೆರಳ ತುದಿ ಕೆಂಪಾಗಿತ್ತು. ಕೆನ್ನೆ ಹಿಡಿದಿದ್ದ ಸ್ವಂತ ಬೆರಳಿಗೇ ಸೂಜಿ ಚುಚ್ಚಿ ಮದ್ದು ಇಳಿಸಿದ್ದರು. ಇರುವೆ ಕಚ್ಚಿದಷ್ಟೂ ಅವರಿಗೆ ತಿಳಿದಿರಲಿಲ್ಲ. ಗವಸು ಹರಿದಿದೆ ಎಂದು ಬದಲಾಯಿಸಲು ಹೇಳಿದೆ. ದರ್ಜಿಯ ರಕ್ತವೆಂದುಕೊಂಡು ಒರೆಸಿಕೊಂಡರು. ಹೊಸ ಸೂಜಿ ಕೊಟ್ಟು, ಇನ್ನೊಮ್ಮೆ ಹಾಕಿಸಿ, ಹೇಗೋ ಅವನನ್ನು ದಾಟಿಸಿದೆ.

ಮರುದಿನ ಬೇಕೆಂದೇ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೊಳವೆ ಕೊಟ್ಟೆ. ನನ್ನ ಬೆರಳು ಕೊರೆಯುತ್ತಿತ್ತು. ಅವರು ತೀಡಿ ನೋಡಿ, 'ಹದವಾಗಿ ಬೆಚ್ಚಗಿದೆ' ಎಂದರು. ವಾಪಸು ತೆಗೆದುಕೊಳ್ಳುವ ನೆಪದಲ್ಲಿ ಅದನ್ನು ಕೆಳಗೆ ಬೀಳಿಸಿಬಿಟ್ಟೆ. ಮಗಳೇ, ನನಗೆ ತುಂಬ ಭಯವಾಗಿದೆ. ಮನೆಯಲ್ಲಿ ಕುದಿಯುವ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸುತ್ತಾರೆ, ಬೊಬ್ಬೆ ಎದ್ದದ್ದು ನಾನು ತೋರಿಸಿದ ಮೇಲೆಯೇ ಗೊತ್ತಾಗುವುದು. ಹೇಳೋಣವೆಂದರೆ ಬಾಯಿ ಬರುವುದಿಲ್ಲ. ಈ ಕೆಲಸ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಪ್ರಪಂಚವಿಲ್ಲ. ನಿನ್ನ ಮಾತಾದರೆ ಕೇಳುತ್ತಾರೆ.

ಊಟ ತಪ್ಪಿಸಬೇಡ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನೆಗೂ ಬರುವ ವಾರಕ್ಕೂ ಹಲ್ಲು ಕೀಳಿಸಲು ಕೇಳಿದವರಿಗೆಲ್ಲ ಏನೇನೋ ನೆಪ ಹೇಳಿ ಬರಬೇಡಿ ಎಂದಿದ್ದೇನೆ. ಇವರಿಗೆ ಸುಮ್ಮನೆ ಕೂರಲಾಗದೆ ನಿನ್ನೆ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಕೊನೆಯ ದವಡೆಹಲ್ಲನ್ನು ಬೆರಳಿನಿಂದ ಒತ್ತಿ ನೋಡಿ, 'ಅಲುಗಾಡ್ತಿದೆ ಕಣೇ, ಸೋಮವಾರ ಕಿತ್ತುಬಿಡೋಣ' ಎಂದಿದ್ದಾರೆ. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ನೀನು ಭಾನುವಾರವೇ ಬಾ. ಆಗಿನಿಂದ ನಾಲಿಗೆಯಲ್ಲಿ ತಳ್ಳಿ ತಳ್ಳಿ ನೋಡುತ್ತಿದ್ದೇನೆ, ಆ ಹಲ್ಲು ಒಂದಿಷ್ಟೂ ಅಲುಗಾಡುತ್ತಿಲ್ಲ.